ಕೇಳಿದ ದಿನ

ಅಪ್ಪ ಟೋಪಿ ಹಾಕಿಕೊಂಡೇ ಬರುತ್ತಾನೆ ಎಂದು ಸಾಕೇತ್ ವಿಮಾನದಲ್ಲೇ ಊಹಿಸಿದ್ದ. ಊಹೆ ಸರಿಯಾಗಿತ್ತು. ಓಹೇರ್ ವಿಮಾನ ನಿಲ್ದಾಣದ ಬಾಗಿಲಿನಾಚೆ, ಹೂವು ಹಿಡಿದು ಕಾಯುವವರ, ಹೆಸರು ಬರೆದ ರಟ್ಟು ಹಿಡಿದವರ ನಡುವೆ, ದ್ವಾರಕಾನಾಥ ಎಂಬ ಐವತ್ತಮೂರು ವರ್ಷದ ಅವನ ಅಪ್ಪ ಡೆಟ್ರಾಯಿಟಿನ ಬೇಸ್‌ಬಾಲ್ ತಂಡದ ನೀಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕೊರಳಲ್ಲಿ ಆಫೀಸಿನ ಬ್ಯಾಡ್ಜು ನೇತಾಡಿಸಿಕೊಂಡು ನಿಂತಿದ್ದ. ಇಪ್ಪತ್ತನಾಲ್ಕು ವರ್ಷ ಮಿಷಿಗನ್‌ನಲ್ಲಿದ್ದೂ ಒಂದು ಪಂದ್ಯವನ್ನೂ ಪೂರ್ತಿ ನೋಡದ ಮನುಷ್ಯ. ಮೀಸೆ ಇರಬೇಕಾದಲ್ಲಿ ಕಪ್ಪು ಬಿಳುಪು ಬೆರೆತ ಮೋಟು ಕೂದಲು. ಟೋಪಿಯ ಕೆಳಗೆ ಏನಿದೆ, ಏನಿಲ್ಲ ಎಂಬುದು ಸಾಕೇತನಿಗೆ ಗೊತ್ತಿತ್ತು. ತಾಯಿಯ ಕರ್ಮ ಮಾಡಿ ಮುಗಿಸಿದ ಮಗನ ತಲೆ ಅದು. ಅಜ್ಜಿ ತೀರಿಕೊಂಡದ್ದು ಜುಲೈ ಎಂಟಕ್ಕೆ. ಸಾಕೇತನಿಗೆ ಅದು ತಿಳಿದದ್ದು ಹತ್ತನೇ ತಾರೀಖು, ಬೆಲ್ಜಿಯಮ್ಮಿನ ಗೆಂಟ್ ಎಂಬ ಊರಿನ ಮಹಡಿ ಕೋಣೆಯಲ್ಲಿ. ಅವನಿಗೆ ತಿಳಿದಿದೆ ಎಂಬುದು ಮಾತ್ರ ಅಪ್ಪ ಅಮ್ಮನಿಗೆ ಇವತ್ತಿನವರೆಗೂ ತಿಳಿಯದು. ಮಗ ಯೂರೋಪಿನಲ್ಲಿ ಕಳೆಯುವ ಒಂದು ಬೇಸಿಗೆ ಕೆಡದಿರಲಿ ಎಂದು ಅವರು ಮುಚ್ಚಿಟ್ಟರು. ಮುಚ್ಚಿಟ್ಟದ್ದು ತನಗೆ ಕಾಣಲೇ ಇಲ್ಲ ಎಂದು ಇವನು ಆರು ವಾರ ನಟಿಸಿದ. ಗೊತ್ತಿಲ್ಲದವನ ಮುಖ ಹೇಗಿರುತ್ತದೆ ಎಂದು ವಿಮಾನದ ಶೌಚಾಲಯದ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೂ ಬಂದಿದ್ದ.

ಗೊತ್ತಿಲ್ಲದವನು ಟೋಪಿಯ ಬಗ್ಗೆ ಕೇಳಲೇಬೇಕಲ್ಲ. ಕೇಳಿದ.

“ಬಿಸಿಲು ಕಣೋ,” ಎಂದ ಅಪ್ಪ.

“ಮೀಸೆ?”

“ಹೊಸ ಕೆಲಸ. ಸ್ವಲ್ಪ ಯಂಗ್ ಆಗಿ ಕಾಣ್ಲಿ ಅಂತ.” ಅಪ್ಪ ತನ್ನ ತಮಾಷೆಗೆ ತಾನೇ ನಕ್ಕು, ಮಗನ ಕೈಯಿಂದ ಸೂಟ್‌ಕೇಸು ಕಿತ್ತುಕೊಂಡ. “ಎಷ್ಟು ಸಣ್ಣ ಆಗಿದೀಯೋ! ಸೀದಾ ಮನೆಗೆ ಹೊರಡೋದು ಬೇಡ. ರೂಮಿಗೆ ಹೋಗಿ ಊಟ ಮಾಡ್ಕೊಂಡು ಆಮೇಲೆ ಡ್ರೈವ್ ಮಾಡೋಣ. ಅನ್ನ ಸಾರು ಮಾಡಿಟ್ಟು ಬಂದಿದೀನಿ.”

ಹಾಗಾದರೆ ರೂಮಿನಲ್ಲಿ, ಊಟದ ನಂತರ, ಎಂದು ಸಾಕೇತ್ ಲೆಕ್ಕ ಹಾಕಿದ. ಕಾರು ಹೆದ್ದಾರಿಗೆ ಏರಿತು. ಈ ಕಡೆಯ ಆಕಾಶ ಬಹಳ ದೊಡ್ಡದು ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಮೂರು ತಿಂಗಳು ಇಕ್ಕಟ್ಟು ಬೀದಿಗಳಲ್ಲಿ ನಡೆದ ಕಣ್ಣಿಗೆ ಈ ಅಗಲ, ಈ ಪಾರ್ಕಿಂಗ್ ಲಾಟುಗಳು, ಕಚೇರಿ ಕಟ್ಟಡಗಳ ಮುಂದೆ ನೆಟ್ಟಿದ್ದ ‘ಬಾಡಿಗೆಗೆ ಇದೆ’ ಫಲಕಗಳು, ಎಲ್ಲ ಯಾರದೋ ದೇಶವೆಂಬಂತೆ ಕಂಡವು. ಹಾಗೆ ಕಂಡದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು, ಕೂಡಲೇ ಆ ಹೆಮ್ಮೆಯ ಬಗ್ಗೆ ನಾಚಿಕೆಯೂ ಆಯಿತು. ಅಪ್ಪನ ಕೆಲಸ ಹೋದದ್ದು ಮಾರ್ಚಿನಲ್ಲಿ. ರಾಚೆಸ್ಟರ್ ಹಿಲ್ಸಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಬ್ರೇಕುಗಳ ನಕ್ಷೆ ಬರೆದವನನ್ನು ಒಂದು ಮಂಗಳವಾರ ಹನ್ನೊಂದು ಗಂಟೆಗೆ ರಟ್ಟಿನ ಪೆಟ್ಟಿಗೆಯೊಂದಿಗೆ ಮನೆಗೆ ಕಳಿಸಿದ್ದರು. ಆ ವರ್ಷ ದೇವಸ್ಥಾನದ ಹೊರಗೆ ಚಪ್ಪಲಿ ಮೆಟ್ಟುವಾಗ ಗಂಡಸರು ಒಬ್ಬರನ್ನೊಬ್ಬರು ‘ನಿಮ್ಮಲ್ಲಿ ಹೇಗಿದೆ?’ ಎಂದು ಮೆಲ್ಲಗೆ ಕೇಳುತ್ತಿದ್ದರು, ಮನೆಯಲ್ಲಿ ಯಾರಿಗೋ ಕಾಯಿಲೆಯಾದಂತೆ. ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿವೇತನದಲ್ಲಿ ಗೆಂಟಿಗೆ ಹೋಗಿ ಹಳೆಯ ಭೂಪಟಗಳ ಪಟ್ಟಿ ಮಾಡುವ ಕೆಲಸ ಬೇಡವೆಂದು ಬರೆದುಬಿಡುತ್ತೇನೆ ಎಂದು ಸಾಕೇತ್ ಆಗ ಹೇಳಿದ್ದ. ‘ನನ್ನ ಕೆಲಸ ಹೋದ್ರೆ ನಿನ್ನ ಸಮ್ಮರ್ ಯಾಕೋ ಹೋಗ್ಬೇಕು?’ ಎಂದು ಅಪ್ಪ ರೇಗಿದ್ದ. ಅಜ್ಜಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಊರೂರಿಂದ ಕಾರ್ಡು ಹಾಕಬೇಕು, ಕನ್ನಡದಲ್ಲೇ ಬರೆಯಬೇಕು, ಇಲ್ಲದಿದ್ದರೆ ಭಾನುವಾರ ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ತಾನು ತಿದ್ದಿಸಿದ್ದೆಲ್ಲ ದಂಡ ಎಂದಿದ್ದಳು. ಅವನು ನಾಲ್ಕು ವರ್ಷದವನಿದ್ದಾಗ ಮೈಸೂರಿನಿಂದ ಬಂದು, ಅವನನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಇಳಿಸಿಕೊಂಡು, ಅವನು ಕಾಲೇಜು ಸೇರುವವರೆಗೆ ಪಕ್ಕದ ಕೋಣೆಯಲ್ಲೇ ಮಲಗಿದವಳು, ಸುವರ್ಣಮ್ಮ.

“ನಿನ್ನ ಕಾರ್ಡೆಲ್ಲ ಬಂತು,” ಎಂದ ಅಪ್ಪ, ರಸ್ತೆಯನ್ನೇ ನೋಡುತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಸಾಕೇತ್ ತಟ್ಟನೆ, “ಎಷ್ಟು ಬಂತು?” ಎಂದ. ಕೇಳಬಾರದಾಗಿತ್ತು ಅನ್ನಿಸಿತು.

“ಏಳು. ಟ್ರಿಯೆಸ್ತೆದು ಬಹಳ ಚೆನ್ನಾಗಿತ್ತು.”

ಏಳರಲ್ಲಿ ನಾಲ್ಕನ್ನು ಬದುಕಿದ್ದ ಅಜ್ಜಿಗೆ ಬರೆದಿದ್ದ. ಉಳಿದ ಮೂರನ್ನು ಬರೆದದ್ದು ಯಾರಿಗೆ? ಜುಲೈ ಹತ್ತರ ಸಂಜೆ, ಅರೋರಾದಲ್ಲಿರುವ ಅತ್ತೆಯ ಮಗಳು ದೀಪ್ತಿ ಕಂಪ್ಯೂಟರಿನಲ್ಲಿ ಒಂದು ಸಂದೇಶ ಕಳಿಸಿದ್ದಳು: ಅಜ್ಜಿ ಹೋದ ಸುದ್ದಿ ಕೇಳಿ ನೀನು ಹೇಗಿದ್ದೀಯೋ, ಫೋನ್ ಮಾಡು. ಒಂದು ಗಂಟೆಯ ನಂತರ ಇನ್ನೊಂದು: ಅಯ್ಯೋ, ನಿನಗೆ ಹೇಳಬಾರದಂತೆ, ಅಮ್ಮ ನನ್ನನ್ನು ಕೊಂದೇಬಿಡುತ್ತಾಳೆ, ದಯವಿಟ್ಟು ಗೊತ್ತಿಲ್ಲದವನ ಹಾಗೇ ಇರು. ಅವನು ಎರಡನ್ನೂ ಓದಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಕೆಳಗೆ ಮನೆಯೊಡತಿ ಮಾರ್ಲೇನ್, ವಿಧವೆ, ಎಪ್ಪತ್ತು ದಾಟಿದವಳು, ಮೆಟ್ಟಿಲ ಬುಡದಲ್ಲಿ ನಿಂತು ಸೂಪು ಬೇಕೇ ಎಂದು ಕೂಗಿದಳು. ಬೇಕು ಎಂದ. ಲೀಕ್ಸ್ ಸೊಪ್ಪಿನ ಸೂಪು. ಎರಡು ಬಟ್ಟಲು ಕುಡಿದ. ಅದರ ರುಚಿ, ಮೇಲೆ ತೇಲುತ್ತಿದ್ದ ಬೆಣ್ಣೆ, ಕರಿಮೆಣಸು, ಎಲ್ಲ ಈಗಲೂ ನಾಲಿಗೆಯಲ್ಲಿದೆ. ಮಾರನೆಯ ಬೆಳಗ್ಗೆ ಟ್ರಿಯೆಸ್ತೆ ಎಂಬ ಕಡಲತೀರದ ಊರಿಗೆ ರೈಲು, ಪಾಸು ಜೇಬಿನಲ್ಲೇ ಇತ್ತು. ವಿಮಾನದ ಟಿಕೇಟು ಬದಲಾಯಿಸಬಹುದಿತ್ತು. ಹತ್ತು ದಿನದ ಸೂತಕ ಮುಗಿಯುವುದರೊಳಗೆ ಮನೆ ಮುಟ್ಟಬಹುದಿತ್ತು, ಅಪ್ಪನ ಪಕ್ಕದಲ್ಲಿ ನಿಲ್ಲಬಹುದಿತ್ತು. ಆದರೆ ಅವರಿಗೇ ತಾನು ತಿಳಿಯುವುದು ಬೇಡವಾಗಿದೆಯಲ್ಲ, ತಿಳಿದರೆ ಅವರಿಗೇ ಬೇಸರವಲ್ಲವೇ ಎಂದು ಮನಸ್ಸು ವಕಾಲತ್ತು ಹೂಡಿತು. ಇಪ್ಪತ್ತೊಂದರ ವಯಸ್ಸಿನ ಮನಸ್ಸಿಗಿಂತ ಒಳ್ಳೆಯ ವಕೀಲ ಲೋಕದಲ್ಲಿಲ್ಲ. ಟ್ರಿಯೆಸ್ತೆಯಲ್ಲಿ ಸಮುದ್ರದ ದಂಡೆಯ ಸಿಮೆಂಟು ಕಟ್ಟೆಯ ಮೇಲೆ ಅಜ್ಜಿಯ ವಯಸ್ಸಿನ ಹೆಂಗಸರು ಈಜುಡುಗೆಯಲ್ಲಿ ಸಾಲಾಗಿ ಮಲಗಿದ್ದರು. ಒಬ್ಬಳು ಅವನಿಗೆ ಪೀಚ್ ಹಣ್ಣು ಕೊಟ್ಟು, ನೀರಿಗೆ ಹಾರು ಎಂದು ಕೈಸನ್ನೆ ಮಾಡಿದಳು. ಹಾರಿದ. ಮಧ್ಯಾಹ್ನದಿಂದ ಸಂಜೆಯವರೆಗೆ ಈಜಿದ, ನಕ್ಕ, ಅಜ್ಜಿ ಸತ್ತದ್ದನ್ನು ಪೂರ್ತಿ ಮರೆತ. ಮರೆತದ್ದು ನೆನಪಾದದ್ದು ತಲೆ ಒರೆಸಿಕೊಳ್ಳುವಾಗ. ಆಗ ಅಲ್ಲೇ ಕೂತು ಕಾರ್ಡು ಬರೆದ. ‘ಅಜ್ಜಿ, ಇಲ್ಲಿ ಸಮುದ್ರ ನೀಲಿ ಇದೆ. ನಿನ್ನ ಮಂಡಿ ನೋವು ಹೇಗಿದೆ?’ ಮಂಡಿ ನೋವು ಎಂದು ಬರೆದಾಗ ಒಳಗೊಳಗೇ ಮೆಚ್ಚಿಕೊಂಡಿದ್ದ: ಇದನ್ನು ಓದಿದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹೋಟೆಲು ಇಟಾಸ್ಕಾದಲ್ಲಿ, ಅಪ್ಪನ ಹೊಸ ಆಫೀಸಿಗೆ ನಡೆದುಹೋಗುವಷ್ಟು ಹತ್ತಿರ. ವಾರವೆಲ್ಲ ಇಲ್ಲಿದ್ದು ಶುಕ್ರವಾರ ಸಂಜೆ ಮುನ್ನೂರು ಮೈಲಿ ಡ್ರೈವ್ ಮಾಡಿ ಮನೆಗೆ ಹೋಗುವುದು, ಭಾನುವಾರ ಹಿಂತಿರುಗುವುದು. ಮೂರು ವಾರದಿಂದ ಅಪ್ಪನದು ಇದೇ ಸಂಸಾರ. ಒಂದು ಮಂಚ, ಒಂದು ಸೋಫಾ, ಗೋಡೆಗೆ ಅಂಟಿದಂತೆ ಎರಡು ಒಲೆಯ ಪುಟ್ಟ ಅಡುಗೆಕಟ್ಟೆ. ಕುಕ್ಕರಿನ ವಾಸನೆಗೆ ಪಕ್ಕದ ಕೋಣೆಯವರು ದೂರು ಕೊಟ್ಟಿದ್ದಾರೆಂದು, ಒಗ್ಗರಣೆ ಹಾಕುವಾಗ ಸ್ನಾನದ ಮನೆಯ ಫ್ಯಾನು ಹಾಕುತ್ತೇನೆ ಎಂದು ಅಪ್ಪ ಹೇಳಿದ. ಬ್ರೇಕಿನ ವಿಷಯದಲ್ಲಿ ಮೂರು ಪೇಟೆಂಟು ಇರುವ ಮನುಷ್ಯ ಒಗ್ಗರಣೆಗೆ ಹೆದರಿ ಬದುಕುತ್ತಿದ್ದಾನೆ ಎಂಬುದು ಸಾಕೇತನಿಗೆ ಸಹಿಸಲಾಗಲಿಲ್ಲ. ಅಪ್ಪ ತಟ್ಟೆಗೆ ಅನ್ನ ಬಡಿಸಿ, ಮಧ್ಯದಲ್ಲಿ ಗುಂಡಿ ಮಾಡಿ ಸಾರು ಹಾಕಿದ, ಅಜ್ಜಿ ಮಾಡುತ್ತಿದ್ದ ಹಾಗೆಯೇ.

“ಅಜ್ಜಿ ಹೇಗಿದಾಳೆ?” ಎಂದು ಸಾಕೇತ್ ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದ. ಗೊತ್ತಿಲ್ಲದವನು ಕೇಳಲೇಬೇಕಾದ ಪ್ರಶ್ನೆ. ಕೇಳದೆ ಇದ್ದಿದ್ದರೂ ನಡೆಯುತ್ತಿತ್ತು.

“ಊಟ ಮಾಡು ಮೊದ್ಲು. ಸಾರು ಹಾಕ್ಲಾ?”

ಅವನು ಉಂಡ. ಬಾಯಿಗೆ ಬಿಸಿ ತುಪ್ಪ ಬಿದ್ದಂತಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಎದುರಿಗೆ ಟೋಪಿ ಹಾಕಿಕೊಂಡೇ ಉಣ್ಣುತ್ತಿರುವ ಅಪ್ಪನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೆ ಬಂದವು. ಅವನಿಗೆ ಎಂಟು ವರ್ಷವಿದ್ದಾಗ ಅಜ್ಜಿ ಹೇಳಿದ್ದ ಒಂದು ಸಂಗತಿ ನೆನಪಾಯಿತು. ನೆನಪಾಯಿತೇನು, ಆರು ವಾರದಿಂದ ಅವನು ಅದನ್ನೇ ಊರುಗೋಲು ಮಾಡಿಕೊಂಡಿದ್ದ. ಮೈಸೂರಿನಲ್ಲಿ ಅವಳ ನಾದಿನಿಯ ಮದುವೆ. ದೇವರ ಸಮಾರಾಧನೆಯ ದಿನ ಅಂಚೆಯವನು ಒಂದು ಕಾಗದ ತಂದ. ಮೂಲೆಗೆ ಮಸಿ ಬಳಿದ ಕಾಗದ. ಸಾವಿನ ಸುದ್ದಿ ಎಂದು ತೆರೆಯುವ ಮೊದಲೇ ತಿಳಿಯಲಿ ಎಂದು ಹಾಗೆ ಬಳಿಯುತ್ತಿದ್ದರಂತೆ. ಅಜ್ಜಿ ಅದನ್ನು ಯಾರಿಗೂ ತೋರಿಸದೆ, ತಾನೂ ಓದದೆ, ಅಕ್ಕಿಡಬ್ಬದಲ್ಲಿ ಹೂತಿಟ್ಟು ನಾಲ್ಕು ದಿನ ಮದುವೆ ಮಾಡಿದಳು. ‘ಕೇಳಿದ ದಿನದಿಂದ ಸೂತಕ ಮಗು. ಓದ್ದೆ ಇದ್ರೆ, ಕಿವಿಗೆ ಬೀಳ್ದೆ ಇದ್ರೆ ಇಲ್ಲ. ಹೇಳಿದ್ದಿದ್ರೆ ನಾನು ಮೂಲೆ ಹಿಡಿದು ಕೂರ್ಬೇಕಿತ್ತು, ಮದುವೆ ಕೆಲಸ ನಿಂತೋಗ್ತಿತ್ತು.’ ಸತ್ತವನು ಅವಳ ಸ್ವಂತ ಅಣ್ಣ; ಅಕ್ಷರ ನೋಡಿಯೇ ಯಾರ ಮನೆಯ ಕಾಗದವೆಂದು ಗುರುತು ಹಿಡಿದಿದ್ದಳು. ‘ಹಾಗಾದ್ರೆ ನಿಂಗೆ ಗೊತ್ತಿತ್ತಲ್ಲ?’ ಎಂದು ಎಂಟು ವರ್ಷದ ಸಾಕೇತ್ ಇಂಗ್ಲಿಷಿನಲ್ಲಿ ಕೇಳಿದ್ದ. ಅವಳು ಕನ್ನಡದಲ್ಲಿ, ‘ಗೊತ್ತಿತ್ತು ಅನ್ನೋದು ನಂಗೊಬ್ಬಳಿಗೇ ಗೊತ್ತಿತ್ತು,’ ಎಂದಿದ್ದಳು. ಆಮೇಲೆ, ‘ಆ ನಾಲ್ಕು ದಿನ ಏನು ತಿಂದೆ ಅಂತ ಮಾತ್ರ ಇವತ್ತಿಗೂ ನೆನಪಿಗೆ ಬರಲ್ಲ ಕಣೋ,’ ಎಂದೂ ಸೇರಿಸಿದ್ದಳು. ಸಾಕೇತ್ ಅವಳ ಉಪಾಯವನ್ನು ತೆಗೆದುಕೊಂಡ, ಕೊನೆಯ ಮಾತನ್ನು ಬಿಟ್ಟ. ಅವನಿಗೆ ಎರಡು ಬಟ್ಟಲು ಸೂಪು ಚೆನ್ನಾಗಿ ನೆನಪಿದೆ.

ತಟ್ಟೆ ತೊಳೆದಾದ ಮೇಲೆ ಅಪ್ಪ ಸೋಫಾದ ತುದಿಯಲ್ಲಿ ಕೂತು ಟೋಪಿ ತೆಗೆದ. ತಿಂಗಳೊಂದರ ಮೋಟು ಕೂದಲು, ತಲೆಬುರುಡೆಯ ಮೇಲೆ ಸಾಕೇತ್ ಎಂದೂ ಕಂಡಿರದ ಒಂದು ಹಳೆಯ ಗಾಯದ ಗುರುತು.

“ನೋಡು ಮಗು, ಒಂದ್ ವಿಷಯ ಹೇಳ್ಬೇಕು. ನಿಂಗೆ ಆಗ್ಲೇ ಹೇಳ್ಬೇಕಿತ್ತು. ತಪ್ಪು ನಂದೇ, ನಿಮ್ಮಮ್ಮಂದಲ್ಲ. ಅಜ್ಜಿ ಹೋಗ್ಬಿಟ್ಲು ಕಣೋ. ಜುಲೈ ಎಂಟಕ್ಕೆ. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಲು, ಅಷ್ಟೇ. ನೋವಿರಲಿಲ್ಲ.”

ಲೋಟದ ವಿಷಯ ಸಾಕೇತನಿಗೆ ಗೊತ್ತಿರಲಿಲ್ಲ. ಅದೊಂದು ಮಾತ್ರ ನಿಜವಾಗಿ ಹೊಸ ಸುದ್ದಿಯಾಗಿ ಎದೆಗೆ ಬಡಿಯಿತು. ವಿಮಾನದಲ್ಲಿ ಅಭ್ಯಾಸ ಮಾಡಿದ ಮುಖ ಸಮಯಕ್ಕೆ ಸಿಗಲಿಲ್ಲ. ಅಪ್ಪ ಅದನ್ನು ಆಘಾತ ಎಂದುಕೊಂಡು ಎದ್ದುಬಂದು ಅವನ ಭುಜ ಹಿಡಿದ.

“ಮನೇಲಿ ನಿಮ್ಮಮ್ಮನ ಕೈಲಿ ಹೇಳಕ್ಕಾಗಲ್ಲ ಅಂದ್ಲು. ಅದಕ್ಕೇ ಇಲ್ಲೇ ಹೇಳ್ತಿದೀನಿ. ಪುರೋಹಿತರನ್ನ ಕೇಳಿದೀನಿ. ಹತ್ತು ದಿನ ಕಳೆದ್ಮೇಲೆ ಕೇಳಿದ್ರೆ ಮೂರು ದಿನ ಅಷ್ಟೇ. ಇವತ್ತಿಂದ ಲೆಕ್ಕ. ಈಗ ಉಟ್ಟ ಬಟ್ಟೇಲೇ ಸ್ನಾನ ಮಾಡ್ಬೇಕು. ಜೀನ್ಸ್ ಆದ್ರೂ ಪರ್ವಾಗಿಲ್ಲ. ಜೇಬಲ್ಲಿ ಪಾಸ್‌ಪೋರ್ಟ್ ಇದ್ರೆ ತೆಗ್ದಿಡು.”

ಸಾಕೇತ್ ಪಾಸ್‌ಪೋರ್ಟು ತೆಗೆದು ಟಿವಿಯ ಪಕ್ಕ ಇಟ್ಟ. ಬೂಟು ಕಳಚಿ, ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಅಂಗಿ ಜೀನ್ಸಿನಲ್ಲೇ ನಿಂತು ನಲ್ಲಿ ತಿರುಗಿಸಿದ. ತಣ್ಣೀರು. ಬಟ್ಟೆ ಮೈಗಂಟಿ ಭಾರವಾಯಿತು. ಅಳಬೇಕು ಎಂದುಕೊಂಡ. ಅಪ್ಪ ಬಾಗಿಲಾಚೆಯೇ ನಿಂತಿದ್ದಾನೆ ಎಂದು ಕೆಳಗಿನ ಸಂದಿಯಲ್ಲಿ ಕಂಡ ಕಾಲಿನ ನೆರಳಿನಿಂದ ಗೊತ್ತಾಯಿತು. ಅವನಿಗೆ ಕೇಳಿಸಲಿ ಎಂದು ಸಾಕೇತ್ ಗಂಟಲಿನಿಂದ ಒಂದು ಸದ್ದು ಹೊರಡಿಸಿದ. ಅದು ಅಳುವಿನಂತಿರಲಿಲ್ಲ, ಕೆಮ್ಮಿನಂತಿತ್ತು. ಇನ್ನೊಮ್ಮೆ ಮಾಡಿದ, ಈ ಸಲ ಪರವಾಗಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ ತನ್ನ ಮೇಲೆ ಹೇಸಿಗೆ ಹುಟ್ಟಿತು. ಸತ್ತವಳ ಮಂಡಿ ವಿಚಾರಿಸಿದ್ದಕ್ಕೂ ಇಷ್ಟು ಹೇಸಿಗೆಯಾಗಿರಲಿಲ್ಲ.

“ಅಳು ಮಗು,” ಎಂದು ಬಾಗಿಲಾಚೆಯಿಂದ ಅಪ್ಪ ಹೇಳಿದ. “ಅಳು, ಪರ್ವಾಗಿಲ್ಲ. ನಾನಿಲ್ಲೇ ಇದೀನಿ.”

ಅವನು ನಲ್ಲಿ ನಿಲ್ಲಿಸಿದ. ಒದ್ದೆ ಬಟ್ಟೆಯಿಂದ ನೀರಿಳಿಯುತ್ತಿದ್ದಂತೆಯೇ ಬಾಗಿಲು ತೆರೆದ. ಅಪ್ಪ ಒಂದು ಕೈಯಲ್ಲಿ ಟವೆಲು, ಒಂದು ಕೈಯಲ್ಲಿ ಒಗೆದು ಮಡಿಸಿದ ಪಂಚೆ ಹಿಡಿದು ನಿಂತಿದ್ದ.

“ಅಪ್ಪ, ನಂಗೆ ಗೊತ್ತಿತ್ತು.” ಅಪ್ಪನ ಹತ್ತಿರ ಯಾವಾಗಲೂ ಇಂಗ್ಲಿಷ್ ಆಡುವವನಿಗೆ ಅದು ಕನ್ನಡದಲ್ಲೇ ಬಂತು.

“ಏನು?”

“ಅಜ್ಜಿ ವಿಷ್ಯ. ಹತ್ತನೇ ತಾರೀಖೇ ಗೊತ್ತಾಯ್ತು. ದೀಪ್ತಿ ಬೈ ಮಿಸ್ಟೇಕ್ ಮೆಸೇಜ್ ಮಾಡಿದ್ಲು. ಗೊತ್ತಿದ್ದೂ ನಾನು ಬರ್ಲಿಲ್ಲ.”

ಅಪ್ಪನ ಹೆಬ್ಬೆರಳು ತಾನಾಗಿಯೇ ಉಳಿದ ಬೆರಳುಗಳ ಗೆಣ್ಣು ಎಣಿಸಿತು. “ಮೂರನೇ ದಿನ. ಹಾಗಾದ್ರೆ ಉಳಿದ ಏಳು ದಿನ ನಿಂಗೂ ಸೂತಕ ಇತ್ತಲ್ಲೋ,” ಎಂದ. ಅದು ಗದರಿಕೆಯಲ್ಲ, ನಕ್ಷೆಯಲ್ಲಿ ತಪ್ಪು ಕಂಡ ಇಂಜಿನಿಯರಿನ ಮಾತು. ಆಮೇಲೆ ಏನೋ ಹೊಳೆದು ಮುಖ ಎತ್ತಿದ. “ಟ್ರಿಯೆಸ್ತೆ ಕಾರ್ಡು? ಮಂಡಿ ನೋವು ಹೇಗಿದೆ ಅಂತ ಬರ್ದಿದ್ಯಲ್ಲ?”

“ಗೊತ್ತಿದ್ದೇ ಬರ್ದೆ. ನಿಮಗೆ ಡೌಟ್ ಬರ್ಬಾರ್ದು ಅಂತ.”

ಅಪ್ಪ ಮಂಚದ ಮೇಲೆ ಕೂತ. ಟವೆಲು ಪಂಚೆ ಎರಡೂ ಅವನ ತೊಡೆಯ ಮೇಲೇ ಉಳಿದವು. ಸಾಕೇತ್ ಬೈಗುಳಕ್ಕೆ ಕಾದ. ಎರಡು ಏಟು ಹೊಡೆದರೂ ಸಾಕು, ಅನಂತರ ಎಲ್ಲ ಸಲೀಸು ಎಂದು ಆಸೆಪಟ್ಟ. ಕಾಲಡಿಯ ಕಾರ್ಪೆಟ್ಟು ಒದ್ದೆಯಾಗುತ್ತಿತ್ತು.

“ಆ ಕಾರ್ಡು ಬಂದ ದಿನ ಅವಳು ಹೋಗಿ ಹದಿನೈದು ದಿನದ ಮೇಲಾಗಿತ್ತು,” ಎಂದ ಅಪ್ಪ, ಗೋಡೆಯ ಕಡೆ ನೋಡುತ್ತ. “ಎಲ್ಲಾ ಮುಗಿದಿತ್ತು. ಅವಳ ಮಂಚ ಬಿಚ್ಚಿ ಕೊಟ್ಟಾಗಿತ್ತು. ಈ ತಲೇಲೇ ಇಂಟರ್‌ವ್ಯೂಗೆ ಬಂದಿದ್ದೆ, ಏನಾದ್ರೂ ಟ್ರೀಟ್‌ಮೆಂಟ್ ನಡೀತಿದ್ಯಾ ಅಂತ ಕೇಳಿದ್ರು ಈ ಆಫೀಸಿನವ್ರು. ಇಲ್ಲ, ನಮ್ಮ ತಾಯಿ ಹೋದ್ರು ಅಂತ ಹೇಳ್ದೆ. ಎಲ್ಲರ ಹತ್ರಾನೂ ಅದೇ ಹೇಳಿ ಹೇಳಿ ಬಾಯಿ ಒಣಗಿಹೋಗಿತ್ತು. ಮನೆಗೆ ಹೋದ್ರೆ ನಿನ್ನ ಕಾರ್ಡು ಬಂದಿತ್ತು. ಮಂಡಿ ನೋವು ಹೇಗಿದೆ ಅಂತ. ಲೋಕದಲ್ಲಿ ಒಬ್ಬನ ತಲೇಲಾದ್ರೂ ನಮ್ಮಮ್ಮ ಇನ್ನೂ ಇದಾಳಲ್ಲ ಅನ್ಸ್ತು. ಮಂಡಿಗೆ ಎಣ್ಣೆ ಹಚ್ಕೊಂಡು ಕೂತಿದಾಳೆ, ನಿಂಗೆ ಹೇಳೋ ತನಕ ಇರ್ತಾಳೆ. ನೀನು ಫೋನ್ ಮಾಡ್ದಾಗೆಲ್ಲ ಹೇಳ್ಬೇಕು ಅಂದ್ಕೊಳ್ತಿದ್ದೆ, ಇನ್ನೊಂದು ವಾರ ಹೋಗ್ಲಿ ಅಂತ ಬಿಡ್ತಿದ್ದೆ. ನಿನ್ನ ಟ್ರಿಪ್ಪಿಗೋಸ್ಕರ ಅಂತ ನಿಮ್ಮಮ್ಮನಿಗೆ ಹೇಳಿದೀನಿ. ನಿನ್ನ ಟ್ರಿಪ್ಪಿಗೋಸ್ಕರ ಅಲ್ಲ ಕಣೋ.”

ಅಷ್ಟು ಹೇಳಿ ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುವುದನ್ನು ಸಾಕೇತ್ ನೋಡಿದ. ದಹನದ ಹೊತ್ತಿನಲ್ಲೂ, ಶ್ರಾದ್ಧದ ದಿನವೂ ಅಪ್ಪ ಕಣ್ಣೀರು ಹಾಕಲಿಲ್ಲವೆಂದು ದೀಪ್ತಿ ಆಮೇಲೊಮ್ಮೆ ಬರೆದಿದ್ದಳು. ಈಗ ಅಳುತ್ತಿದ್ದಾನೆ, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲಿನ ಕೋಣೆಯಲ್ಲಿ, ಕೊರಳಲ್ಲಿ ಬ್ಯಾಡ್ಜು ಹಾಕಿಕೊಂಡು. ತಾನು ನಿಜ ಹೇಳಿ ಹಗುರಾಗಲು ಹೊರಟವನು, ಅಪ್ಪನ ಹತ್ತಿರ ಉಳಿದಿದ್ದ ಒಂದೇ ಒಂದನ್ನೂ ಕಿತ್ತುಕೊಂಡೆ ಎಂದು ಸಾಕೇತನಿಗೆ ಅರ್ಥವಾಯಿತು. ಹತ್ತಿರ ಹೋಗಿ ಮುಟ್ಟಬೇಕೆನಿಸಿತು. ಮೈಯೆಲ್ಲ ನೀರಾಗಿದೆ, ಅಪ್ಪನ ಆಫೀಸಿನ ಬಟ್ಟೆ ಒದ್ದೆಯಾಗುತ್ತದೆ ಎಂದು ಹಿಂಜರಿದ. ಆಮೇಲೆ ಹೋಗಿ ಪಕ್ಕದಲ್ಲೇ ಕೂತ. ಅಪ್ಪ ಸರಿದು ಜಾಗ ಮಾಡಿಕೊಟ್ಟ.

ಫೋನು ಬಡಿದುಕೊಂಡಿತು. ರಾಚೆಸ್ಟರ್ ಹಿಲ್ಸಿನಿಂದ ಅಮ್ಮ, ವಸುಧಾ. ಅಪ್ಪ ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದ.

“ಹೂಂ, ಹೇಳ್ದೆ... ಊಟ ಆದ್ಮೇಲೇ ಹೇಳ್ದೆ... ಸ್ನಾನಾನೂ ಆಯ್ತು.” ಅಪ್ಪ ಒಂದು ಕ್ಷಣ ಸಾಕೇತನ ಒಣ ಕಣ್ಣುಗಳನ್ನು ನೋಡಿದ. “ಇಲ್ಲ, ಪಾಪ, ಅವನಿಗೇನೂ ಗೊತ್ತಿರ್ಲಿಲ್ಲ. ತುಂಬಾ ಅತ್ತ. ಈಗ್ಲೂ ಅಳ್ತಾನೇ ಇದಾನೆ.” ಹೇಳುತ್ತ ಹೇಳುತ್ತ ಅಪ್ಪನ ಗದ್ದದಿಂದ ನೀರು ಬ್ಯಾಡ್ಜಿನ ಮೇಲೆ ತೊಟ್ಟಿಕ್ಕಿತು. “ಕೊಡ್ತೀನಿ, ಇರು.”

ಸಾಕೇತ್ ಫೋನು ತೆಗೆದುಕೊಂಡ.

“ಕಂದ,” ಎಂದಳು ಅಮ್ಮ. “ನಿನಗೆ ಮೋಸ ಮಾಡ್ಬಿಟ್ವಿ ನಾವು. ಕೊನೇಗೆ ಅವ್ರ ಮುಖಾನೂ ನೋಡಕ್ಕೆ ಬಿಡ್ಲಿಲ್ಲ ನಿನ್ನ. ನಂಗೆ ರಾತ್ರಿ ನಿದ್ದೇನೇ ಬರಲ್ಲ ಕಣೋ ಅದನ್ನ ನೆನೆಸ್ಕೊಂಡ್ರೆ. ನಮ್ಮನ್ನ ಕ್ಷಮಿಸ್ತೀಯ ಅಲ್ವಾ?”

ಸಾಕೇತ್ ಅಪ್ಪನ ಕಡೆ ನೋಡಿದ. ಅಪ್ಪ ನಿಜ ಹೇಳಬೇಡ ಎಂಬಂತೆ ತಲೆಯಾಡಿಸಿ, ಪಂಚೆಯನ್ನು ಬಿಡಿಸಿ ಮಗನ ಹೆಗಲಿಗೆ ಹೊದಿಸಿದ.

“ಕ್ಷಮಿಸ್ತೀನಿ ಅಮ್ಮ,” ಎಂದ ಸಾಕೇತ್.

ಆ ಕಡೆಯಲ್ಲಿ ಅಮ್ಮ ಸಮಾಧಾನದಿಂದ ಅಳತೊಡಗಿದಳು.